ಹೇಳಿದ ಮೇಲೆ ಹೊಣೆಯಿಲ್ಲ

ಹದಿನೈದನೇ ಅಡ್ಡರಸ್ತೆ, ಮಲ್ಲೇಶ್ವರಂ
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ಮಧು,

'ಪ್ರೀತಿಯ' ಎಂದು ಬರೆದದ್ದಕ್ಕೆ ಹುಬ್ಬೇರಿಸಬೇಡ. ಬೇರೆ ಹೇಗೆ ಶುರುಮಾಡಿದ್ದರೂ ನೀನು ಈ ಕಾಗದವನ್ನು ಯಾರಾದರೂ ಜೂನಿಯರ್ ಕೈಗೆ ಕೊಟ್ಟು, ಓದಿ ಸಾರಾಂಶ ಹೇಳು ಎನ್ನುತ್ತಿದ್ದೆ. ಹೀಗೆ ಶುರುವಾದರೆ ಹೆಂಡತಿಯ ಗೋಳು ಎಂದುಕೊಂಡು ಯಾರಿಗೂ ತೋರಿಸದೆ ನೀನೇ ತೆರೆಯುತ್ತೀಯ. ಮೊದಲ ಪುಟದ ಮೇಲೆ ಕಣ್ಣಾಡಿಸಿ, ಕೊನೆಯ ಪುಟದಲ್ಲಿ ಸಹಿ ಇದೆಯೇ ನೋಡಿ, ಎಡಗಡೆಯ ಟ್ರೇಗೆ ಹಾಕುತ್ತೀಯ. ಮೂವತ್ತೆರಡು ವರ್ಷ ನೀನು ಕಾಗದ ಓದುವ ಚಂದವನ್ನು ನೋಡಿದ್ದೇನೆ. ನಡುವಿನದನ್ನೆಲ್ಲ ಓದಲು ನಾನಿದ್ದೆನಲ್ಲ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಚಾಮರಾಜಪೇಟೆಯ ಆಫೀಸಿನಲ್ಲಿ ನಾವಿಬ್ಬರೂ ಎದುರುಬದುರು ಕೂರುತ್ತೇವೆ. ಅಪ್ಪ ನನಗೆ ಉಯಿಲಿನಲ್ಲಿ ಬಿಟ್ಟುಹೋದದ್ದು ಎರಡೇ: ಆ ಕಟ್ಟಡ ಮತ್ತು ಫರ್ಮಿನ ಮೇಲಿರುವ ಅವರ ಹೆಸರು. ಎರಡನ್ನೂ ನಿನಗೆ ಮಾರಿ ನಾನು ಎದ್ದು ಬರುತ್ತೇನೆ. ಹನ್ನೆರಡಕ್ಕೆ ಮುಂಬಯಿಯ ದೊಡ್ಡ ಫರ್ಮಿನವರು ಬರುತ್ತಾರೆ. ನೀನು ಆ ಹೆಸರು, ಆ ಕಟ್ಟಡ, ಜೊತೆಗೆ ನಿನ್ನನ್ನೂ ಅವರಿಗೆ ಒಪ್ಪಿಸಿ ಅವರ ಬೆಂಗಳೂರು ಶಾಖೆಯ ಮುಖ್ಯಸ್ಥನಾಗುತ್ತೀಯ. ಹೊಸ ಕೋಟು ಹೊಲಿಸಿದ್ದೀಯೆಂದು ಕೇಳಿದೆ. ನಿನಗೆ ಕಪ್ಪು ಒಪ್ಪುತ್ತದೆ.

ಸಹಿಗೆ ಮೊದಲು ಮಾರುವವಳು ಮಾಡಬೇಕಾದ ಕೆಲಸವೊಂದಿದೆ, ನೆನಪಿದೆಯಲ್ಲ? ನಮ್ಮ ಕಸುಬಿನವರು ಅದನ್ನು ಡಿಸ್ಕ್ಲೋಷರ್ ಲೆಟರ್ ಎನ್ನುತ್ತಾರೆ, ಅಪ್ಪ ಅರಿಕೆ ಪತ್ರ ಎನ್ನುತ್ತಿದ್ದರು. ಮಾರುವವರು ತಮ್ಮ ಮಾಲಿನ ಹುಳುಕನ್ನೆಲ್ಲ ಮುಂಚಿತವಾಗಿ ಬರೆದು ಕೊಡಬೇಕು. ಹಾಗೆ ಬರೆದು ಕೊಟ್ಟದ್ದಕ್ಕೆ ಆಮೇಲೆ ಅವರು ಹೊಣೆಯಲ್ಲ. ಕೊಳ್ಳುವವನು ಅದನ್ನು ಓದಿದನೋ ಬಿಟ್ಟನೋ ಅದು ಅವನ ಹಣೆಬರಹ. ಈಗ ನೀನು ಹಿಡಿದಿರುವುದು ಅಂಥ ಒಂದು ಪತ್ರ.

ಇದು ನಾಳೆ ಹತ್ತಕ್ಕೆ ಬಾಗಿಲ ಪಕ್ಕದ ಇನ್‌ವರ್ಡ್ ಮೇಜಿಗೆ ಬರುತ್ತದೆ. ಆ ಮೇಜಿನ ಮೇಲೆ ತಾರೀಖು ಮತ್ತು ಗಂಟೆಯ ಮುದ್ರೆ ಬಿದ್ದ ಕಾಗದ ಯಜಮಾನ ಓದಿದ ಕಾಗದ ಎಂದು ಅಪ್ಪ ಕಟ್ಟಳೆ ಮಾಡಿದ್ದರು. ನೀನು ಅದನ್ನು ಎಲ್ಲ ಕರಾರುಗಳಿಗೂ ಒಂದು ಕಲಂ ಮಾಡಿ ಸೇರಿಸಿದೆ. ನಾಳಿನ ನಮ್ಮ ಕರಾರಿನಲ್ಲೂ ಅದಿದೆ, ಹದಿನಾಲ್ಕನೆಯದು. ನಿನ್ನ ಜೂನಿಯರುಗಳು ಹಳೆಯ ನಮೂನೆಯಿಂದ ಹಾಗೇ ಎತ್ತಿ ಹಾಕಿದ್ದಾರೆ. ನಾನು ತೆಗೆಸಲು ಹೋಗಲಿಲ್ಲ.

ಅರಿಕೆಗಳಿಗೆ ನಂಬರು ಹಾಕುವುದಿಲ್ಲ. ಹಾಕಿದರೆ ನೀನು ಹುಡುಕಿಕೊಂಡುಬಿಡುತ್ತೀಯ.

ಮುಂಬಯಿಯವರ ವೆಬ್‌ಸೈಟಿಗೆಂದು ನೀನು ಬರೆದ ಫರ್ಮಿನ ಇತಿಹಾಸದ ಕರಡು ನನಗೂ ಬಂತು, ಹೆಸರಿನ ಒಡತಿಯ ಒಪ್ಪಿಗೆ ಬೇಕಲ್ಲ. ಚೆನ್ನಾಗಿದೆ. 'ಬಿ. ಆರ್. ಶ್ರೀನಿವಾಸನ್ ಅಂಡ್ ಅಸೋಸಿಯೇಟ್ಸ್, 1971ರಿಂದ. ದೂರದೃಷ್ಟಿಯ ವಕೀಲರೊಬ್ಬರ ಕನಸು.' ನನ್ನ ಹೆಸರು ಎರಡು ಕಡೆ ಬರಬೇಕಿತ್ತು, ಎರಡು ಕಡೆಯೂ ಇಲ್ಲ. ಅದಕ್ಕೆ ಬೇಜಾರಿಲ್ಲ. ಆದರೆ ನಿನ್ನ ಇತಿಹಾಸದಲ್ಲಿ ವಾಸನೆಯೇ ಇಲ್ಲ ಮಧು. ಅಪ್ಪ ಚಿಕ್ಕಪೇಟೆಯ ಆಡಿಟರ ಕಚೇರಿ ಬಿಟ್ಟು ಚಾಮರಾಜಪೇಟೆಯ ಆ ಮುಂದಿನ ಕೋಣೆಯಲ್ಲಿ ಕೂತಾಗ, ಮೊದಲು ಬಂದವನು ಕಲಾಸಿಪಾಳ್ಯದ ಲಾರಿ ಮಾಲೀಕ ದೊಡ್ಡಬೈರಪ್ಪ. ಅವನ ಭಾವಮೈದುನ ತನ್ನ ಲಾರಿಗಳನ್ನು ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿದ್ದ. "ನಂದೂ ಮಾಡ್ಕೊಡಿ ಶೀನಣ್ಣ, ಅವನಿಗಿಂತ ಉದ್ದ ಹೆಸರು ಇಡಿ" ಎಂದನಂತೆ. ಕೋಣೆ ತುಂಬ ಡೀಸೆಲ್ಲು ವಾಸನೆ. ಅಮ್ಮ ಸಂಜೆ ಅಗರಬತ್ತಿ ಹಚ್ಚಿದಳು. ಮರುವರ್ಷ ಅಗರಬತ್ತಿ ಮಾಡುವವರೇ ಕಕ್ಷಿದಾರರಾಗಿ ಬಂದರು, ಅವರ ಹಿಂದೆ ರೇಷ್ಮೆಯವರು, ಯಂತ್ರದ ಬಿಡಿಭಾಗ ಮಾಡುವವರು. ಕಂಪನಿ ಹುಟ್ಟಿಸುವುದು, ಎರಡನ್ನು ಒಂದು ಮಾಡುವುದು, ಅಣ್ಣತಮ್ಮಂದಿರು ಹೊಡೆದಾಡಿದರೆ ಒಂದನ್ನು ಎರಡು ಮಾಡುವುದು, ಇಷ್ಟೇ ಕೆಲಸ. ಅಪ್ಪ ಒಂದು ದಿನವೂ ಕೋರ್ಟಿಗೆ ಹೋದವರಲ್ಲ. ಯಾರಾದರೂ ಕೇಳಿದರೆ ನಗುತ್ತಿದ್ದರು. "ಕೋರ್ಟಿಗೆ ಹೋಗೋ ಹಾಗೆ ಆದ್ರೆ ನಾನು ಕೆಲಸ ಸರಿಯಾಗಿ ಮಾಡಿಲ್ಲ ಅಂತ ಅರ್ಥ ಕಣಯ್ಯಾ."

ನಾವೆಲ್ಲ ಆ ಮಾತನ್ನು ಎಷ್ಟು ಮೆಚ್ಚಿಕೊಂಡಿದ್ದೆವು! ನೀನಂತೂ ಅದನ್ನೇ ಕರಡಿನ ಕೊನೆಯಲ್ಲಿ ಹಾಕಿದ್ದೀಯ.

ಎಪ್ಪತ್ತೆರಡರಲ್ಲಿ ಆಂಜಿನಯ್ಯ ಟೈಪಿಸ್ಟ್ ಆಗಿ ಸೇರಿದರು. ನಿನ್ನ ಇತಿಹಾಸದಲ್ಲಿ ಅವರು 'ನಿಷ್ಠಾವಂತ ಸಿಬ್ಬಂದಿ'. ನನಗೆ ಕರಾರು ಓದಲು ಕಲಿಸಿದವರು ಅವರು ಎಂದು ನಿನಗೆ ಎಂದಾದರೂ ಹೇಳಿದ್ದೆನೇ? ಕಾಲೇಜಿನಿಂದ ಬಂದು ಮುಂದಿನ ಕೋಣೆಯಲ್ಲಿ ಕೂತಿರುತ್ತಿದ್ದೆ. "ಹಿಂದಿನಿಂದ ಓದಿ ದೀಪ್ತಮ್ಮ. ಮುಂದೆ ಇರೋದು ಮರ್ಯಾದೆಗೆ ಬರ್ದಿರ್ತಾರೆ. ನಿಜವಾದ್ದು ಅನುಬಂಧದಲ್ಲಿ ಇರುತ್ತೆ" ಎಂದು ತೋರಿಸಿಕೊಟ್ಟರು. ಅಪ್ಪನ ಕರಾರುಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ ತಿದ್ದುಪಡಿ ಇರುತ್ತಿತ್ತಲ್ಲ, ಅದು ಅವರ ಅಕ್ಷರ. ನನಗೆ ಆಗ ಅದರಲ್ಲೇನೂ ವಿಶೇಷ ಕಾಣಲಿಲ್ಲ. ಟೈಪಿಸ್ಟ್ ಅಲ್ಲವೇ, ತಪ್ಪು ಹಿಡಿಯುತ್ತಾರೆ ಎಂದುಕೊಂಡಿದ್ದೆ.

ಅವರು ಕಲಿಸಿದ್ದನ್ನು ನಾನು ಎಲ್ಲಿ ಬಳಸಿದೆ ಎಂಬುದನ್ನೂ ಅರಿಕೆ ಮಾಡಬೇಕು. ಮುನಿರಾಮಪ್ಪನನ್ನು ನೀನು ಮರೆತಿರಬಹುದು. 1999ರ ಯುಗಾದಿಯ ಹಿಂದಿನ ವಾರ. ಅವನು ಬಳೆ ಅಂಗಡಿ ಮಾರಿ, ಮಾಗಡಿ ರಸ್ತೆಯಲ್ಲಿದ್ದ ನಮ್ಮ ಕಕ್ಷಿದಾರರ ಊದುಬತ್ತಿ ಕಾರ್ಖಾನೆ ಕೊಳ್ಳಲು ಬಂದಿದ್ದ. ಆ ಜಮೀನು ರಸ್ತೆ ಅಗಲ ಮಾಡಲು ಗುರುತಾಗಿದೆ ಎಂದು ನಮಗೆ ಗೊತ್ತಿತ್ತು. ಹೇಳದೆ ಇರುವ ಹಾಗಿಲ್ಲ, ಹೇಳಿದರೆ ಅವನು ಕೊಳ್ಳುವುದಿಲ್ಲ. ನೀನು ಪೆನ್ನು ಕಚ್ಚುತ್ತ ಕೂತಿದ್ದೆ. ನಾನೇ ಬರೆದೆ. ಮುನ್ನೂರ ನಲವತ್ತು ಪುಟದ ಅರಿಕೆ ಪತ್ರ. ನೂರ ಹದಿನೇಳು: ಕೆಟ್ಟ ಸೀಲಿಂಗ್ ಫ್ಯಾನು ಮೂರು. ನೂರ ಹದಿನೆಂಟು: ಜಮೀನು ರಸ್ತೆ ಅಗಲೀಕರಣಕ್ಕೆ ಒಳಪಟ್ಟಿದೆ. ನೂರ ಹತ್ತೊಂಬತ್ತು: ಕಾಲು ಮುರಿದ ಮೇಜು ಒಂದು. ಸಂಜೆ ಐದಕ್ಕೆ ಕೊಟ್ಟೆವು, ಮರುದಿನ ಹತ್ತಕ್ಕೆ ಸಹಿ.

ವರ್ಷ ಕಳೆಯುವುದರೊಳಗೆ ಗೋಡೆ ಒಡೆಯುವ ಯಂತ್ರ ಬಂತು. ಅವನು ಹೆಂಡತಿಯನ್ನು ಕರೆದುಕೊಂಡು ಆಫೀಸಿಗೆ ಬಂದ. ಬೈಯಲಿಲ್ಲ, ಅಳಲಿಲ್ಲ. "ಒಂದ್ ಮಾತು ಹೇಳ್ಬೇಕಿತ್ತಲ್ವಾ ಸ್ವಾಮಿ?" ಎಂದ, ಅಷ್ಟೇ. ನೀನು ಕಡತ ತರಿಸಿ, ಪುಟ ತೆಗೆದು, ನೂರ ಹದಿನೆಂಟರ ಮೇಲೆ ಬೆರಳಿಟ್ಟೆ. "ಹೇಳಿದೀವಲ್ಲ. ಓದ್ಲಿಲ್ವಾ?" ಅವನ ಹೆಂಡತಿಗೆ ಓದಲು ಬರುತ್ತಿರಲಿಲ್ಲ. ಅವಳು ನಿನ್ನ ಬೆರಳನ್ನೇ ನೋಡುತ್ತಿದ್ದಳು. ಆಂಜಿನಯ್ಯ ಇಬ್ಬರಿಗೂ ನೀರು ಕೊಟ್ಟು, ಹೊರಗೆ ಕರೆದುಕೊಂಡು ಹೋಗಿ ಮೆಜೆಸ್ಟಿಕ್ ಬಸ್ಸು ಹತ್ತಿಸಿ ಬಂದರು. ನಾವು ಗಾಂಧಿ ಬಜಾರಿಗೆ ಹೋಗಿ ದೋಸೆ ತಿಂದೆವು. ಆ ಸಂಜೆ ನಿನ್ನನ್ನು ಪ್ರೀತಿಸಿದಷ್ಟು ನಾನು ಮುಂಚೆಯೂ ಪ್ರೀತಿಸಿರಲಿಲ್ಲ, ಆಮೇಲೂ ಪ್ರೀತಿಸಲಿಲ್ಲ. ಮುನಿರಾಮಪ್ಪ ಏನಾದನೆಂದು ಇಬ್ಬರೂ ವಿಚಾರಿಸಲಿಲ್ಲ.

ಹಾಗಾಗಿ ನೀನು ನನಗೆ ಮಾಡಿದ್ದಕ್ಕೆ ನಾನು ಅನ್ಯಾಯ ಎಂದು ಕೂಗುವ ಹಾಗಿಲ್ಲ. ಅದು ನನ್ನದೇ ಕೈಚಳಕ. ಆದರೂ ಒಮ್ಮೆ ಹೇಳಿಬಿಡುತ್ತೇನೆ, ಎದೆಯಲ್ಲಿ ಇಟ್ಟುಕೊಂಡು ಸಾಕಾಗಿದೆ. ಅಮ್ಮ ಈ ಮನೆಯ ನಡುಮನೆಯಲ್ಲಿ ಹಾಸಿಗೆ ಹಿಡಿದು ಮಲಗಿದ್ದಳು. ನಾನು ಆಫೀಸು ಬಿಟ್ಟು ಅವಳ ಪಕ್ಕದಲ್ಲಿದ್ದೆ. ಇಪ್ಪತ್ತನೆಯ ದಿನವೋ ಏನೋ, ನೀನು ಮಲ್ಲಿಗೆ ಮೊಗ್ಗು ಹಿಡಿದು ಬಂದೆ. ಜೊತೆಗೆ ಪಾಲುದಾರಿಕೆ ಪತ್ರದ ತಿದ್ದುಪಡಿ, ಸಹಿ ಮಾಡುವ ಪುಟಗಳಿಗೆಲ್ಲ ಹಳದಿ ಚೀಟಿ ಅಂಟಿಸಿ ತಂದಿದ್ದೆ. "ಏನಿಲ್ಲ ದೀಪು, ಬ್ಯಾಂಕ್‌ನವ್ರು ಕೇಳ್ತಿದಾರೆ" ಎಂದೆ. ಒಲೆಯ ಮೇಲೆ ಅಮ್ಮನ ಗಂಜಿ ಇತ್ತು. ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದೆ. ನನ್ನ ಜೀವಮಾನದಲ್ಲಿ ಓದದೆ ಸಹಿ ಹಾಕಿದ್ದು ಅದೊಂದೇ ಕಾಗದಕ್ಕೆ, ನೀನು ತಂದದ್ದು ಎಂಬ ಕಾರಣಕ್ಕೆ.

ತೊಂಬತ್ತು ದಿನ ಸತತವಾಗಿ ಕಚೇರಿಗೆ ಬಾರದ ಪಾಲುದಾರರು ಸ್ವಇಚ್ಛೆಯಿಂದ ನಿವೃತ್ತರಾದಂತೆ. ಇಂಥ ಸಾಲನ್ನು ಎಲ್ಲಿ ಇಟ್ಟಿದ್ದೆ? ರಜೆಯ ಪಟ್ಟಿಗೂ ಟೆಲಿಫೋನ್ ಬಿಲ್ಲಿನ ನಿಯಮಕ್ಕೂ ನಡುವೆ. ಓದಿದಾಗ ಒಂದು ಕ್ಷಣ ಮೆಚ್ಚಿಗೆಯೇ ಆಯಿತು. ತೊಂಬತ್ತೊಂದನೆಯ ದಿನ ಬೆಳಿಗ್ಗೆ ನನ್ನ ನಿವೃತ್ತಿಯನ್ನು ವಿಷಾದದಿಂದ ಒಪ್ಪಿಕೊಂಡ ಪತ್ರ ಕಳಿಸಿದೆ. ತಂದುಕೊಟ್ಟವರು ಆಂಜಿನಯ್ಯ. ಒಳಗೇನಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಅಮ್ಮ ಹೇಗಿದ್ದಾರೆ ಎಂದು ಕೇಳಿ ಸ್ವೀಕೃತಿಗೆ ಸಹಿ ಹಾಕಿಸಿಕೊಂಡು ಹೋದರು. ತೊಂಬತ್ತಮೂರನೆಯ ದಿನ ಅಮ್ಮ ಹೋದಳು. ನಾಲ್ಕು ದಿನ ಮುಂಚೆ ಹೋಗಿದ್ದರೆ ನಾನು ಪಾಲುದಾರಳಾಗಿಯೇ ಉಳಿಯುತ್ತಿದ್ದೆ. ಹೆಣದ ಪಕ್ಕ ಕೂತು ಈ ಲೆಕ್ಕ ಹಾಕಿದೆ ನಾನು. ನಿನ್ನನ್ನು ಕ್ಷಮಿಸದೆ ಇರುವುದು ಕೆಲಸ ಹೋದದ್ದಕ್ಕಲ್ಲ, ನನ್ನಿಂದ ಈ ಲೆಕ್ಕ ಹಾಕಿಸಿದ್ದಕ್ಕೆ. ಹದಿಮೂರನೆಯ ದಿನದ ಊಟಕ್ಕೆ ಬಂದು ನೀನು ಸಕ್ಕರೆ ಪೊಂಗಲು ಎರಡು ಸಲ ಹಾಕಿಸಿಕೊಂಡೆ.

ಇರಲಿ. ಮಾಲಿನ ವಿಷಯಕ್ಕೆ ಬರುತ್ತೇನೆ. ಕಟ್ಟಡದ ಹಿಂದಿನ ಗೋಡೆಗೆ ತೇವ ಹತ್ತಿದೆ. ಮಹಡಿ ಮೆಟ್ಟಿಲಿನ ಏಳನೆಯ ಕಲ್ಲು ಅಲುಗುತ್ತದೆ. ಫರ್ಮಿಗೆ ಹೆಸರಾದ ಮನುಷ್ಯ ವಕೀಲನಾಗಿರಲಿಲ್ಲ. ಹಿತ್ತಿಲ ಕರಿಬೇವಿನ ಗಿಡ ಪಕ್ಕದ ಮನೆಯವರದ್ದು, ಬೇರು ಮಾತ್ರ ನಮ್ಮ ಕಡೆಗಿದೆ. ಪುಸ್ತಕದ ಕೋಣೆಯ ಎರಡು ಕಪಾಟಿಗೆ ಬೀಗದ ಕೈ ಇಲ್ಲ.

ಮೂರನೆಯದನ್ನು ಇನ್ನೊಮ್ಮೆ ಓದು, ಓದುತ್ತಿದ್ದರೆ.

ಅಮ್ಮ ಹೋಗುವುದಕ್ಕೆ ಹತ್ತು ದಿನ ಮುಂಚೆ ಏನೇನೋ ಮಾತಾಡುತ್ತಿದ್ದಳು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ, "ನಿಮ್ಮಪ್ಪ ಎಲ್ಲೇ ಪಾಸಾದ್ರು? ಮೂರು ಸಲ ಕೂತ್ರು, ಮೂರು ಸಲಾನೂ ಹೋಯ್ತು. ಪಾಸಾಗಿದ್ದು ಆಂಜಿ. ಇವ್ರು ಅವನ ನಂಬರ್ ಹಾಕ್ಕೊಂಡ್ರು" ಎಂದಳು. ಆಂಡಾಳಮ್ಮನಿಗೆ ಭ್ರಮೆ ಹಿಡಿದಿದೆ ಎಂದು ನರ್ಸ್ ನನ್ನ ಮುಖ ನೋಡಿದಳು. ನಾನೂ ಹಾಗೇ ಅಂದುಕೊಂಡೆ. ಕರ್ಮಗಳೆಲ್ಲ ಮುಗಿದ ಮೇಲೆ ಅಟ್ಟದ ಟ್ರಂಕು ಇಳಿಸಿದೆ. ಅಪ್ಪನ ಮದುವೆಯ ಪಂಚೆಯ ಕೆಳಗೆ ಮೂರು ಅಂಕಪಟ್ಟಿ. ಉಳಿದ ವಿಷಯಗಳಲ್ಲೆಲ್ಲ ದಾಟಿದ್ದಾರೆ. ಮೂರು ಸಲವೂ ನಪಾಸಾಗಿರುವುದು ಕರಾರು ಕಾನೂನಿನಲ್ಲಿ. ನಗಬೇಡ, ನಾನು ನಕ್ಕು ಮುಗಿಸಿದ್ದೇನೆ. ಅವುಗಳ ಜೊತೆಗೆ, 1976ರಲ್ಲಿ ಆಂಜಿನಯ್ಯನವರು ವಕೀಲಿಯ ಸನ್ನದು ಪಡೆದಾಗ ಅಪ್ಪ ತುಂಬಿದ ನೋಂದಣಿ ಶುಲ್ಕದ ರಸೀದಿ.

ಸಂಜೆ ಕಾಲೇಜಿನಲ್ಲಿ ಓದಿ ಲಾ ಪಾಸು ಮಾಡಿದ್ದು ಆಂಜಿನಯ್ಯ. ಈ ಆಫೀಸಿನಲ್ಲಿ 1976ರಿಂದ ನೀನೂ ನಾನೂ ಬರುವವರೆಗೆ ಇದ್ದ ಒಬ್ಬನೇ ವಕೀಲ ಅವರು. ಬ್ಯಾಂಕಿನವರು ನಾವು ಕೊಡುವ ಕಾನೂನು ಅಭಿಪ್ರಾಯಗಳ ಮೇಲೆ ವಕೀಲರ ನೋಂದಣಿ ಸಂಖ್ಯೆ ಬೇಕೆಂದು ಹಟ ಹಿಡಿದರು, ಅಪ್ಪನ ಬಳಿ ಇರಲಿಲ್ಲ. ಅಪ್ಪನಿಗಾಗಿ ಬರುವ ರೇಷ್ಮೆಯವರು, ಲಾರಿಯವರು ಆಂಜಿನಯ್ಯನ ಮುಂದೆ ಕೂರುವುದಿಲ್ಲ ಎಂದು ಅಪ್ಪನಿಗೂ ಗೊತ್ತಿತ್ತು, ಆಂಜಿನಯ್ಯನವರಿಗೂ ಗೊತ್ತಿತ್ತು. ಸಂಖ್ಯೆ ಅವರದು, ಸಹಿ ಅಪ್ಪನದು. "ನಿನ್ನ ನಂಬರು ನ‌ಮ್ಮ ಆಫೀಸಿನ ನಂಬರು ಕಣಯ್ಯಾ" ಎಂದು ಅಪ್ಪ ಹೆಗಲು ತಟ್ಟಿದರಂತೆ. ಆಮೇಲೂ ಅವರು ಟೈಪ್ ಮಾಡುತ್ತಲೇ ಇದ್ದರು.

ಆಯುಧಪೂಜೆ ನೆನಪು ಮಾಡಿಕೋ. ಅಪ್ಪ ಹಿತ್ತಾಳೆಯ ಹಳೆ ಮುದ್ರೆಯನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಮೊದಲ ಆರತಿ ಅದಕ್ಕೆ. ಆಂಜಿನಯ್ಯ ಕಾಂಪೌಂಡಿನಲ್ಲಿ ಬೂದುಗುಂಬಳ ಹಿಡಿದು ನಿಂತಿರುತ್ತಿದ್ದರು, ಒಡೆಯುವುದು ಅವರ ಪಾಳಿ. ಅವರ ಸಂಖ್ಯೆ ಒಳಗೆ ಪೂಜೆ ಮಾಡಿಸಿಕೊಳ್ಳುತ್ತಿತ್ತು, ಅವರು ಪ್ರಸಾದಕ್ಕೆ ಹೊರಗೆ ಕಾಯುತ್ತಿದ್ದರು. ಆ ಮುದ್ರೆಯಲ್ಲಿ ಲಕ್ಷ್ಮಿ ಇದ್ದಾಳೆ ಎಂದು ನೀನು ಇಂದಿಗೂ ದೊಡ್ಡ ಅಭಿಪ್ರಾಯಗಳ ಮೊದಲ ಪುಟಕ್ಕೆ ಅದನ್ನೇ ಒತ್ತುತ್ತೀಯ. ಏನಿದೆ ಅದರ ಮೇಲೆ? '412/76'. ಬಾಗಿಲ ಬೋರ್ಡಿನ ಮೇಲೆ? '1971ರಿಂದ'. ಎಪ್ಪತ್ತೊಂದರಲ್ಲಿ ವಕೀಲಿ ಶುರುಮಾಡಿದವನ ಸನ್ನದು ಎಪ್ಪತ್ತಾರರದ್ದು ಹೇಗಾಗುತ್ತದೆ? ಇನ್ನೊಬ್ಬರ ಕಂಪನಿಯ ಕಾಗದದಲ್ಲಿ ಈ ಎರಡು ತಾರೀಖು ಕಂಡಿದ್ದರೆ ಅದೇ ಮಧ್ಯಾಹ್ನ ಹಿಡಿಯುತ್ತಿದ್ದೆವು. ಐವತ್ತು ವರ್ಷ ಊರವರ ಮೂಲಪತ್ರಗಳನ್ನೆಲ್ಲ ಜಾಲಾಡಿದ ನಮಗೆ ನಮ್ಮ ಬಾಗಿಲ ಬೋರ್ಡನ್ನು ಓದಲು ಪುರಸೊತ್ತಾಗಲಿಲ್ಲ.

ಈಗ ನಿನ್ನ ಪರಿಸ್ಥಿತಿ ನೋಡೋಣ. ಹನ್ನೆರಡು ಗಂಟೆಗೆ ಮುಂಬಯಿಯವರ ಮುಂದೆ ನೀನು ಸಹಿ ಹಾಕುವ ಕಾಗದದಲ್ಲಿ, ಈ ಫರ್ಮಿನ ಸ್ಥಾಪಕರೂ ಅದರ ಹೆಸರಿನಲ್ಲಿ ಅಭಿಪ್ರಾಯ ಕೊಟ್ಟವರೆಲ್ಲರೂ ಸನ್ನದು ಪಡೆದ ವಕೀಲರು, ಇದಕ್ಕೆ ವಿರುದ್ಧವಾದ ಯಾವ ಸಂಗತಿಯೂ ನನಗೆ ತಿಳಿದಿಲ್ಲ ಎಂಬ ಮಾತಿದೆ. ಸ್ವಂತ ಹೊಣೆಯ ಮೇಲೆ. ನಿನಗೆ ತಿಳಿಯದೆ ಹಾಗೆ ಬರೆದುಕೊಟ್ಟಿದ್ದರೆ ಪಾರಾಗುತ್ತಿದ್ದೆ. ಆದರೆ ಹತ್ತು ಗಂಟೆಗೇ ನಿನಗೆ ತಿಳಿದಿದೆ ಮಧು, ಮುದ್ರೆ ಬಿದ್ದಿದೆಯಲ್ಲ. ನಿನ್ನದೇ ಹದಿನಾಲ್ಕನೇ ಕಲಂ. ಅಂಕಪಟ್ಟಿ ಮತ್ತು ರಸೀದಿಯ ನಕಲು ಜೊತೆಗಿಟ್ಟಿದ್ದೇನೆ. ಇದೇ ಪತ್ರದ ಪ್ರತಿ ಬುಧವಾರ ಮುಂಬಯಿ ತಲುಪುತ್ತದೆ. ಸಹಿಗೆ ಮೊದಲು ಇದನ್ನು ಓದಿದರೆ ಅವರ ಮುಂದೆ ಬಾಯಿ ಬಿಡಬೇಕು, ಅವರು ಎದ್ದುಹೋಗುತ್ತಾರೆ. ಓದದೆ ಸಹಿ ಹಾಕಿದರೆ ತಿಳಿದೂ ಸುಳ್ಳು ಬರೆದುಕೊಟ್ಟವನು ಎಂದು ನಿನ್ನ ಸನ್ನದೇ ಹೋಗುತ್ತದೆ. ಯಾವುದಾಗುತ್ತದೋ ನಾನು ಹೇಳಬಲ್ಲೆ, ನಿನ್ನನ್ನು ಬಲ್ಲೆನಲ್ಲ.

ಅಪ್ಪನ ಹೆಸರು ಬೀದಿಗೆ ಬರುತ್ತದೆ ಎಂದು ನಿನಗೆ ಅನ್ನಿಸಬಹುದು. ಬರಲಿ. ಅವರ ಫೋಟೋ ನನ್ನ ಎದುರಿಗೇ ಇದೆ. ಒಂದು ವಾರ ಅದನ್ನು ನೋಡದೆ ಓಡಾಡಿದೆ, ಆಮೇಲೆ ರೂಢಿಯಾಯಿತು. ಅವರನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ಈಗಲೂ ಪ್ರೀತಿ ಹೋಗಿಲ್ಲ. ಆದರೆ ಇದು ಬರಿಯ ನನ್ನ ಸಿಟ್ಟಲ್ಲ ಎಂಬುದು ನಿನಗೆ ತಿಳಿಯಬೇಕು. ಇದು ಆಂಜಿನಯ್ಯನವರಿಗೆ ಸಲ್ಲಬೇಕಾದ ನ್ಯಾಯ. ಐವತ್ತು ವರ್ಷ ಒಬ್ಬ ವಕೀಲನನ್ನು ಬಾಗಿಲ ಪಕ್ಕ ಕೂರಿಸಿ ಮುದ್ರೆ ಒತ್ತಿಸಿದೆವಲ್ಲ. ನಿವೃತ್ತಿಯಾದ ಮೇಲೂ, ಈ ಎಪ್ಪತ್ತಾರರ ವಯಸ್ಸಿನಲ್ಲೂ, ಸೋಮವಾರ ಗುರುವಾರ ಬಂದು ಅದೇ ಮೇಜಿಗೆ ಕೂರುತ್ತಾರೆ. ಮನೆಯಲ್ಲಿ ಕೂತರೆ ಕೈ ಸುಮ್ಮನಿರುವುದಿಲ್ಲವಂತೆ.

ಹೋದ ಭಾನುವಾರ ಮತ್ತಿಕೆರೆಯ ಅವರ ಮನೆಗೆ ಹೋಗಿದ್ದೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯಿಂದ ಅಲ್ಲಿಗೆ ಹೋದವಳು ನಾನೇ ಮೊದಲು. ಅವರ ಮಗಳು ಯಶೋಧರಾ ಕಾಫಿ ಕೊಟ್ಟಳು, ಕುಡಿದೆ. ಅವಳೂ ವಕೀಲೆ, ಗೊತ್ತಿದೆಯಲ್ಲ. "ಅಪ್ಪನೂ ಲಾ ಓದಿದ್ರು ಮೇಡಂ, ಪ್ರಾಕ್ಟೀಸ್ ಮಾಡೋಕೆ ಮನಸ್ಸಾಗ್ಲಿಲ್ವಂತೆ" ಎಂದು ನಗುತ್ತ ಹೇಳಿ, ಯಾವುದೋ ಓದಿನಲ್ಲಿದ್ದೇನೆ ಎಂದು ಒಳಗೆ ಹೋದಳು. ನಾನು ಅಂಕಪಟ್ಟಿಗಳನ್ನು ಆಂಜಿನಯ್ಯನವರ ಮುಂದಿಟ್ಟು, ಎಲ್ಲವನ್ನೂ ಹೊರಗೆ ಹಾಕುತ್ತೇನೆ, ನಿಮ್ಮ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ ಎಂದೆ. ಅವರಿಗೆ ಮಾತೇ ಹೊರಡಲಿಲ್ಲ. ಕಣ್ಣು ತುಂಬಿ ಬಂದಿತ್ತು. ಯಾರಾದರೂ ಒಬ್ಬರು ತನಗಾಗಿ ಬಾಯಿ ತೆರೆದರಲ್ಲ ಎಂದು ಆ ವಯಸ್ಸಿನ ಮನುಷ್ಯನಿಗೆ ಏನನ್ನಿಸಿರಬೇಕು, ಯೋಚಿಸು.

ನಾಳೆ ನಾನು ಅಮ್ಮನ ಹಸಿರು ಸೀರೆ ಉಟ್ಟು ಬರುತ್ತೇನೆ. ನೀನು ಎದ್ದು ನಿಂತು ಕುರ್ಚಿ ಎಳೆದು ಕೊಡುತ್ತೀಯ, ಅಂಥ ಮರ್ಯಾದೆಗಳಲ್ಲಿ ನಿನಗೆ ಕೊರತೆಯಿಲ್ಲ. ನಾನು ಥ್ಯಾಂಕ್ಸ್ ಹೇಳಿ ಸಹಿ ಹಾಕುತ್ತೇನೆ. ಕಾಗದ ತಲುಪಿತೇ ಎಂದು ಕೇಳುತ್ತೇನೆ. ತಲುಪಿತು ಎನ್ನುತ್ತೀಯ.

ಆರೋಗ್ಯ ನೋಡಿಕೋ. ಬಿಪಿ ಮಾತ್ರೆ ತಪ್ಪಿಸಬೇಡ, ಮುಂದೆ ಬೇಕಾಗುತ್ತದೆ.

ಇಂದಿಗೂ ಕಾಗದದಲ್ಲಿ ನಿನ್ನ ಹೆಂಡತಿಯಾಗಿರುವ,
ದೀಪ್ತಿ

ತಾ.ಕ.: ಇದನ್ನು ಸೋಮವಾರ ಬೆಳಿಗ್ಗೆ ಆಫೀಸಿನ ಎದುರು ಆಟೋದಲ್ಲಿ ಕೂತು, ಕೊನೆಯ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಹಾಳೆ ತಿರುಗಿಸುವ ಅಭ್ಯಾಸ ನಿನಗಿಲ್ಲ. ಅರಿಕೆ ಪತ್ರದಲ್ಲಿ ಅರ್ಧ ಹೇಳಿ ಅರ್ಧ ಬಿಟ್ಟರೆ ಅದು ಊರ್ಜಿತವಲ್ಲ, ಆದ್ದರಿಂದ ಇದೂ ಇರಲಿ. ಆಂಜಿನಯ್ಯನವರಿಗೆ ಮಾತು ಹೊರಡಲಿಲ್ಲ ಎಂದೆನಲ್ಲ, ಅದು ಸುಳ್ಳು. ಅವರು ಮಗಳಿಗೆ ಕೇಳಿಸದ ಹಾಗೆ ಬಾಗಿಲು ಮುಂದೆ ಮಾಡಿ ಬಂದು ಮಾತಾಡಿದರು. ಯಶೋಧರಾ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಬರೆದು ಪಾಸಾಗಿದ್ದಾಳೆ, ಸಂದರ್ಶನ ಮಾರ್ಚ್ ಹದಿನಾರಕ್ಕೆ. ಇದು ಹೊರಬಂದರೆ ಸನ್ನದನ್ನು ಬಾಡಿಗೆಗೆ ಕೊಟ್ಟವನ ಮಗಳು ಎಂದಾಗುತ್ತದೆ. "ನನ್ನ ಸನ್ನದು ಹೋದ್ರೆ ಹೋಗ್ಲಿ ಅಮ್ಮ, ಅದು ನನ್ನ ಹತ್ರ ಯಾವತ್ತು ಇತ್ತು? ಅವಳದೊಂದು ಆಗ್ಲಿ. ಒಂದೂವರೆ ತಿಂಗ್ಳು ತಡೀರಿ. ಇದು ನಿಮ್ಮ ಮನೆ ವಿಷಯ, ನಮ್ಮನ್ನ ಬಿಟ್ಬಿಡಿ" ಎಂದು ಕೈ ಮುಗಿದರು. ನಾನು ಅವರ ಕೈ ಹಿಡಿದುಕೊಂಡು ಆಯಿತು ಎಂದೆ. ಬರಹದಲ್ಲಿ ಕೊಟ್ಟಿಲ್ಲ. ಮಾರ್ಚ್ ತನಕ ಕಾದರೆ ನೀನು ಕೈತಪ್ಪಿ ಹೋಗುತ್ತೀಯ.

ಇಲ್ಲಿಂದ ಅವರು ಕಾಣುತ್ತಿದ್ದಾರೆ. ಇನ್‌ವರ್ಡ್ ಮೇಜಿಗೆ ಕೂತು ಮುದ್ರೆಯ ತಾರೀಖು ತಿರುಗಿಸಿಕೊಳ್ಳುತ್ತಿದ್ದಾರೆ. ಲಕೋಟೆ ಅಂಟಿಸಿ ಅವರ ಕೈಗೇ ಕೊಡುತ್ತೇನೆ. ಒಳಗೇನಿದೆ ಎಂದು ಅವರು ಎಂದೂ ಕೇಳಿದವರಲ್ಲ. ಇವತ್ತು ಕೇಳಿದರೆ, ನಮ್ಮ ಮನೆ ವಿಷಯ ಎಂದು ಹೇಳುತ್ತೇನೆ.